ಇಂಗ್ಲಿಷ್ ರಾಜ ಹತ್ತಿದ ಸವಣೂರು ಬಸ್ಸು

ಬಸ್ಸಿನ ಕೆಲಸದಲ್ಲಿ ನಗುವಂಥ ಪ್ರಸಂಗಗಳನ್ನು ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ದಾರಿಯಲ್ಲಿ ನಿಂತು ಕೈ ಮಾಡುತ್ತವೆ, ನಾವು ಹತ್ತಿಸಿಕೊಳ್ಳುತ್ತೇವೆ. ಹದಿನಾಲ್ಕು ವರ್ಷದಿಂದ ನಾನು ಲೇಡಿ ಕಂಡಕ್ಟರ್. ಸವಣೂರಿನಿಂದ ಹೊರಟು ಶಿಗ್ಗಾಂವಿ, ಹಾನಗಲ್ಲ ದಾಟಿ ಹಿರೇಕೆರೂರು ಮುಟ್ಟುವ ಬಸ್ಸು ನಮ್ಮದು. ಆದರೆ ನಾನು ಈಗ ಹೇಳುವ ಪ್ರಸಂಗಗಳು ಬಸ್ಸು ಹತ್ತಿದ ವರ್ಷ ನನಗೆ ನಗುವ ಮನಸ್ಸೇ ಇರಲಿಲ್ಲ. ಆ ವರ್ಷ ನನ್ನ ತಂಗಿ ತೀರಿಕೊಂಡಿದ್ದಳು.

ತಂಗಿ ನನಗಿಂತ ಹದಿನೇಳು ವರ್ಷ ಸಣ್ಣವಳು. ಅವಳಿಗೆ ಆರು ತುಂಬುವುದರೊಳಗೆ ಅವ್ವ ಹೋದಳು, ಅಪ್ಪ ಅದಕ್ಕೂ ಮೊದಲೇ. ದುಂಡಸಿಯ ಮನೆ ಬಿಟ್ಟು, ಶಿಗ್ಗಾಂವಿಯಲ್ಲಿ ಬಾಡಿಗೆ ಖೋಲಿ ಹಿಡಿದು ನಾನೇ ಅವಳನ್ನು ಬೆಳೆಸಿದೆ. ಹೆರಳು ಹಾಕುವುದು, ಉಣಿಸುವುದು, ಬೈಯುವುದು ಎಲ್ಲ ನನ್ನದೇ. ಹಾನಗಲ್ಲಿನಲ್ಲಿ ಬಿ.ಎ. ಕಡೆಯ ವರ್ಷ ಓದುತ್ತಿದ್ದಳು, ಇಂಗ್ಲಿಷ್ ಅವಳ ಮುಖ್ಯ ವಿಷಯ. ದಿನಾ ನನ್ನ ಬಸ್ಸಿಗೇ ಬರುವಳು. ಮಂದಿಯ ನಡುವೆ ಬೇಕಂತಲೇ ‘ಕಂಡಕ್ಟರ್ರ, ಹಾನಗಲ್ಲ ಒಂದು’ ಎಂದು ಗಂಭೀರವಾಗಿ ಆಧಾರ್ ಕಾರ್ಡು ತೋರಿಸುವಳು. ನಾನೂ ಅಷ್ಟೇ ಗಂಭೀರವಾಗಿ ಫೋಟೊ ಹಿಡಿದು ನೋಡಿ, ಹೆಂಗಸರ ಫ್ರೀ ಟಿಕೆಟು ಕೊಡುತ್ತಿದ್ದೆ.

ಅವಳಿಗೆ ಜ್ವರ ಬಂತು. ಎಂಟು ದಿವಸ ಅಷ್ಟೇ. ಕಡೆಯ ಎರಡು ದಿವಸ ಆಸ್ಪತ್ರೆಯಲ್ಲಿ ಅವಳಿಗೆ ನನ್ನ ಗುರುತು ಹತ್ತಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದೇ ಮಾತು ಮತ್ತೆ ಮತ್ತೆ ಅನ್ನುತ್ತಿದ್ದಳು. ನನ್ನ ಕಿವಿಗೆ ಅದು ‘ಮಲಾಡ… ಸಪ್ಪರ…’ ಎಂದು ಕೇಳುತ್ತಿತ್ತು. ಸಪ್ಪನ ಗಂಜಿ ಕೇಳುತ್ತಿದ್ದಾಳೆ ಎಂದುಕೊಂಡು ಉಪ್ಪು ಹಾಕದ ಗಂಜಿ ಮಾಡಿಸಿ ತಂದೆ. ಅವಳು ತುಟಿ ಬಿಚ್ಚಲಿಲ್ಲ. ನರ್ಸಬಾಯಿ ಕೇಳಿದಳು, ‘ಮುಂಬೈ ಕಡೆ ನಿಮ್ಮವರು ಯಾರರೆ ಅದಾರೇನ್ರಿ? ಮಲಾಡ ಅನ್ನಾಕತ್ತಾಳಲ್ಲ.’

‘ಯಾರೂ ಇಲ್ರಿ. ಅಕಿಗೆ ನಾ, ನನಗ ಅಕಿ. ಇಷ್ಟ’ ಅಂದೆ.

ಇನ್ನೊಬ್ಬ ನರ್ಸು ಕಿವಿಗೊಟ್ಟು ಕೇಳಿ, ‘ಇಂಗ್ಲಿಷ್ ಇದ್ದಂಗೈತ್ರಿ. ಪರೀಕ್ಷಾದ್ದು ಏನೋ ಬಡಬಡಸಾಕತ್ತಾಳ’ ಅಂದಳು. ಮರುದಿನ ಆ ಮಾತೂ ನಿಂತಿತು.

ಮಣ್ಣು ಮಾಡಿ ಬಂದ ಮೇಲೆ ನನ್ನ ಪಾಲಿಗೆ ಉಳಿದದ್ದು ಅವಳ ಮೊಬೈಲು, ಮತ್ತೆ ಆಸ್ಪತ್ರೆಗೂ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದ ಒಂದು ಪುಸ್ತಕ. ಅದು ನಾನೂರು ವರ್ಷದ ಹಿಂದಿನ ಇಂಗ್ಲಿಷ್ ನಾಟಕವಂತೆ. ಅದರ ಹೆಸರು ಇವತ್ತಿಗೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಜ್ವರ ಬರುವುದಕ್ಕೆ ಒಂದು ತಿಂಗಳ ಮುಂಚೆ ಕಾಲೇಜಿನ ಗ್ಯಾದರಿಂಗಿನಲ್ಲಿ ಅದರದೇ ಒಂದು ಭಾಗ ಆಡಿದ್ದರು. ‘ಅಕ್ಕಾ, ನಂದು ರಾಣಿ ಪಾರ್ಟು’ ಎಂದು ಅವ್ವನ ಇಲಕಲ್ಲ ಸೀರೆ ಒಯ್ದಿದ್ದಳು. ನನಗೆ ಡ್ಯೂಟಿ ಇತ್ತು, ನೋಡಲು ಹೋಗಲಿಲ್ಲ.

ಅವಳು ಕಡೆಗೆ ಆಡಿದ ಮಾತು ರಾಣಿಯದೇ ಇರಬೇಕು ಎಂದು ನನಗೆ ಅನಿಸಿತು. ಅದೇನು ಅಂತ ತಿಳಿಯದೆ ನನಗೆ ಅನ್ನ ಇಳಿಯುತ್ತಿರಲಿಲ್ಲ. ಮೊಬೈಲಿನಲ್ಲಿ ಅವಳು ಮೂರು ಆಪ್ ಇಟ್ಟುಕೊಂಡಿದ್ದಳು. ಒಂದು, ಪುಟದ ಫೋಟೊ ಹೊಡೆದರೆ ಕನ್ನಡ ಮಾಡಿ ತೋರಿಸುವುದು. ಇನ್ನೊಂದು, ಅದನ್ನು ಗಟ್ಟಿಯಾಗಿ ಓದುವುದು. ಮೂರನೆಯದು, ನಾವು ಆಡಿದ ಮಾತು ಕೇಳಿಸಿಕೊಂಡು ಅರ್ಥ ಹುಡುಕಿಕೊಡುವುದು. ದಿನಾ ಒಂದೆರಡು ಪುಟ ಓದಬೇಕೆಂದು ಠರಾಯಿಸಿದೆ.

೧. ರಾಣಿಗೆ ಫ್ರೀ

ಮೊದಲ ದಿನ ಸವಣೂರು ಸ್ಟ್ಯಾಂಡಿನಲ್ಲಿ ಬಸ್ಸು ಬಿಡಲು ಹತ್ತು ನಿಮಿಷ ಇತ್ತು. ಮೊದಲ ಪುಟದ ಫೋಟೊ ಹೊಡೆದೆ. ಮೊಬೈಲು ಕನ್ನಡದಲ್ಲಿ ಹೇಳಿತು: ‘ರಾಜನನ್ನು ನಮೂದಿಸಿ. ರಾಣಿಯನ್ನು ನಮೂದಿಸಿ. ಇಬ್ಬರು ದೂತರನ್ನು ನಮೂದಿಸಿ.’

ನಮೂದಿಸುವುದು ಅಂದರೆ ನನಗೆ ಗೊತ್ತಿದ್ದದ್ದು ಟಿಕೆಟ್ ಮಷಿನ್ನಿನಲ್ಲಿ ಊರು ಒತ್ತುವುದು. ಹಾಗಾಗಿ ಕೆಳಗೆ ಕಂಡ ಖಾಲಿ ಜಾಗದಲ್ಲಿ ‘ರಾಜ’ ಎಂದು ಒತ್ತಿದೆ. ಮೊಬೈಲು ಬೆಳ್ಳುಳ್ಳಿ ಮಾರುವವರ ಪಟ್ಟಿ ತೋರಿಸಿತು, ಅದರಲ್ಲಿ ರಾಜ ಅನ್ನುವವನೊಬ್ಬ ಇದ್ದ. ಮೊದಲನೇ ಪುಟದಲ್ಲೇ ನನ್ನ ಕಣ್ಣು ತುಂಬಿ ಬಂತು. ಇಷ್ಟು ದೊಡ್ಡ ಪುಸ್ತಕ, ನನ್ನಿಂದ ಎಲ್ಲಿ ಆಗುತ್ತದೆ.

ನಮ್ಮ ಡ್ರೈವರ್ ಅಣ್ಣ ಚಹಾ ಹಿಡಿದುಕೊಂಡು ಬಂದ. ಹಂಸಭಾವಿಯವನು, ಊರಿನ ನಾಟಕಗಳಲ್ಲಿ ಪಾರ್ಟು ಮಾಡುವವನು. ನನ್ನ ಮುಖ ನೋಡಿ ಮೊಬೈಲು ಇಸಕೊಂಡು ಓದಿದ.

‘ಅಕ್ಕಾರ, ನಮ್ಮ ನಾಟಕದ ಬುಕ್ಕಿನ್ಯಾಗ ರಾಜನ ಪ್ರವೇಶ ಅಂತ ಬರದಿರತಾರ. ಇಂಗ್ಲಿಷಿನ್ಯಾಗ ಎಂಟರ್ ಅಂತ ಇದ್ದದ್ದು ಅದ ಇರಬೇಕು. ಅಂದ್ರ ರಾಜ ಬಂದ, ರಾಣಿ ಬಂದಳು. ಬಸ್ ಹತ್ತಿದ್ರು ಅಂತ ತಿಳಕೋರಿ.’

‘ಹಂಗಾದ್ರ ನಾ ಏನ ಒತ್ತೂದು ಬ್ಯಾಡ?’

‘ಬ್ಯಾಡ್ರಿ’ ಅಂದ ಅಣ್ಣ, ಚಹಾ ಕೊಟ್ಟು ಸೀಟಿಗೆ ಹತ್ತಿದ. ಅಲ್ಲಿಂದ ತಿರುಗಿ ನೋಡಿ ಹೇಳಿದ, ‘ಗಂಡಸರು ಮೂರು ಫುಲ್ ಹರೀರಿ. ರಾಣಿಗೆ ಫ್ರೀ ಐತಿ, ಆದ್ರ ಆಧಾರ್ ಕಾರ್ಡ್ ಕೇಳ್ರಿ.’

೨. ಸೇನಾಪತಿಯ ಸ್ಟಾಪು

ನಿಂತು ಓದಲು ಪುರುಸೊತ್ತು ಸಿಗದ ದಿನ, ಗಟ್ಟಿಯಾಗಿ ಓದುವ ಆಪನ್ನು ಕಿವಿಗೆ ಹಾಕಿಕೊಂಡು ಕೇಳುತ್ತಿದ್ದೆ. ಒಂದು ಮಧ್ಯಾಹ್ನ ಶಿಗ್ಗಾಂವಿ ಬಿಟ್ಟು ದುಂಡಸಿಯ ಕಡೆ ಹೊರಟಿದ್ದೆವು. ಟಿಕೆಟು ಕೊಟ್ಟು ಮುಗಿಸಿ ಕುಂತು, ಇಯರ್‌ಫೋನಿನ ವಾಯರು ಕಿವಿಗೆ ಸಿಗಿಸಿಕೊಂಡೆ. ಇನ್ನೊಂದು ತುದಿ ಮೊಬೈಲಿನಿಂದ ಕಳಚಿದ್ದು ನನಗೆ ಗೊತ್ತಾಗಲಿಲ್ಲ.

ನಾಟಕದಲ್ಲಿ ಯುದ್ಧಕ್ಕೆ ಹೊರಟ ದಂಡನ್ನು ಸೇನಾಪತಿ ತಡೆಯುವ ಜಾಗ ಅದು. ಮೊಬೈಲು ಇಡೀ ಬಸ್ಸಿಗೆ ಕೇಳುವಂತೆ, ಗಡಸು ಗಂಡುದನಿಯಲ್ಲಿ ಅಂದಿತು: ‘ನಿಲ್ಲಿಸಿ. ನಿಲ್ಲಿಸಿ. ಇಲ್ಲಿಂದ ಮುಂದೆ ಒಂದು ಹೆಜ್ಜೆಯೂ ಇಡಬೇಡಿ.’

ಅಣ್ಣ ಬ್ರೇಕು ಒತ್ತಿದ. ಬುಟ್ಟಿಗಳು ಉರುಳಿದವು. ಎರಡೂ ಕಡೆ ಬರೀ ಹೊಲ, ಒಂದು ಗಿಡವೂ ಇಲ್ಲ.

‘ಯಾರ್ರಿ ಇಳಿಯೋರು?’ ಅಂತ ಅಣ್ಣ ಕೇಳಿದ. ನಾನು ಮೊಬೈಲು ಮುಚ್ಚಿಕೊಂಡು ತಲೆ ತಗ್ಗಿಸಿದೆ. ಆಗ ಹಿಂದಿನ ಸೀಟಿನಿಂದ ಒಬ್ಬ ಮುದುಕಿ ಎದ್ದು, ಸೀರೆ ಸರಿಮಾಡಿಕೊಂಡು, ಸಾವಕಾಶ ಇಳಿದಳು.

‘ಯಮ್ಮಾ, ನೀ ದುಂಡಸಿಗೆ ಟಿಕೆಟ್ ತಗೊಂಡೀದಿ’ ಅಂದೆ.

‘ಹೊಲ ಇಲ್ಲೇ ಐತ್ಯವಾ. ಹತ್ತು ವರ್ಷಾತು ನಿಲ್ಲಸ್ರಿ ನಿಲ್ಲಸ್ರಿ ಅಂದ್ರ ಯಾರೂ ನಿಲ್ಲಸಾಂಗಿಲ್ಲ. ದುಂಡಸಿಗೆ ಹೋಗಿ ಹಿಂದಕ ನಡಕೋತ ಬರ್ತೇನಿ.’

ಅವತ್ತು ಖೋಲಿಗೆ ಹೋಗಿ, ತಂಗಿಗೆ ಇದನ್ನು ಹೇಳಬೇಕಿತ್ತು ಎಂದುಕೊಂಡೆ. ಇಂಥದ್ದು ಏನಾದರೂ ಆದರೆ ಮೊದಲು ನಗುವವಳು ಅವಳೇ.

ಮೂರು ದಿನದ ಮೇಲೆ ಅದೇ ಮುದುಕಿ ಮತ್ತೆ ಹತ್ತಿದಳು. ಶಿಗ್ಗಾಂವಿ ದಾಟುತ್ತಲೇ ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು, ‘ಯವಾ, ಆ ಗಂಡಸನ್ನ ಒದರಸ. ನಂದು ಇಳಿಯೂದು ಬಂತು.’

೩. ಮೂವತ್ತೊಂದು ಬ್ಯಾಚು

ಸವಣೂರಿನ ಮಾಸ್ತರು ವಾರಕ್ಕೆ ಎರಡು ಸಲ ನಮ್ಮ ಬಸ್ಸಿಗೆ ಬರುತ್ತಿದ್ದರು. ಮಠದ ಓಣಿಯ ಆಚಾರ್ಯರ ಮನೆತನ, ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಮಗಳು ಹಾನಗಲ್ಲಿನಲ್ಲಿ ಹಲ್ಲಿನ ಡಾಕ್ಟರು, ಅವಳಿಗೆ ತಿನ್ನಲು ಸವಣೂರು ಖಾರಾ ಒಯ್ದು ಕೊಟ್ಟು, ಊಟ ಮಾಡಿ ಬರುವರು. ಒಂದು ದಿನ ನನ್ನ ಕೈಯಲ್ಲಿ ಪುಸ್ತಕ ನೋಡಿ ಕನ್ನಡಕ ಏರಿಸಿದರು.

‘ಏನವಾ ಇದು? ಈ ನಾಟಕಾ ನಾ ಮೂವತ್ತೊಂದು ವರ್ಷ ಕಲಿಸೀನಿ.’

ನನಗೆ ದೇವರು ಸಿಕ್ಕಂತಾಯಿತು. ತಂಗಿಯ ವಿಷಯ ಹೇಳಿದೆ. ಅವರು ಖಾರಾದ ಪೊಟ್ಟಣ ಸರಿಸಿ ನನಗೆ ಪಕ್ಕದಲ್ಲಿ ಜಾಗ ಮಾಡಿದರು. ಆಮೇಲೆ ಪುಸ್ತಕ ಇಸಕೊಂಡು, ‘ರಾಣಿ ಮಾತು ಅಂದ್ರ ನಾಲ್ಕನೇ ಅಂಕದೊಳಗ ಭಾಳ ಅವ. ಬಾ, ನೋಡೋಣ’ ಅಂದರು. ಯುದ್ಧಕ್ಕೆ ಹೋದ ರಾಜ ಸತ್ತನೆಂದು ದೂತ ಬಂದು ಹೇಳುತ್ತಾನೆ, ರಾಣಿ ಅದಕ್ಕೆ ಉತ್ತರ ಕೊಡುತ್ತಾಳೆ. ನಾನು ಆ ಪುಟದ ಫೋಟೊ ಹೊಡೆದೆ. ಮಾಸ್ತರು ಮೊಬೈಲಿನ ಕನ್ನಡ ಓದುತ್ತ ಹೋದರು. ಓದುತ್ತ ಓದುತ್ತ ಅವರ ಮುಖ ಸಣ್ಣದಾಯಿತು.

‘ಯಾಕ್ರೀ ಸರ್? ಸಿಕ್ತೇನ್ರಿ?’

‘ಇಲ್ಲವಾ. ಈ ಮೊಬೈಲ್ ಹೇಳೂದು ನೋಡಿದ್ರ ಇಲ್ಲೆ ರಾಣಿ ಅಳಲಿಕ್ಕತ್ತಾಳ.’

‘ಗಂಡ ಸತ್ತಾನಂದ ಮ್ಯಾಲ ಅಳಬೇಕಲ್ರಿ.’

‘ಹೌದು ಮತ್ತ. ಆದ್ರ ಗೈಡಿನ್ಯಾಗ ನಗತಾಳ ಅಂತ ಇತ್ತು. ಛಾಪಖಾನಿಯವರ ತಪ್ಪಿರಬೇಕು. ನಾನೂ ಮೂಲ ಪುಸ್ತಕಾ ತಗದು ನೋಡಲಿಲ್ಲ.’ ಮಾಸ್ತರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡರು. ಕಿಟಕಿಯ ಹೊರಗೆ ನೋಡುತ್ತ ಅಂದರು, ‘ಮೂವತ್ತೊಂದು ಬ್ಯಾಚ್ ಹುಡುಗರು, ಗಂಡ ಸತ್ತ ಸುದ್ದಿ ಕೇಳಿ ರಾಣಿ ಯಾಕ ನಕ್ಕಳು ಅನ್ನೋ ಪ್ರಶ್ನಿಗೆ ನಾಲ್ಕು ಕಾರಣ ಬರದು ಪಾಸಾಗಿ ಹೋಗ್ಯಾರ.’

೪. ಮಲಾಡಿನ ದಾರಿ

ರಾಣಿಯ ಮಾತುಗಳನ್ನೆಲ್ಲ ಓದಿ ಮುಗಿಸಿದರೂ ‘ಮಲಾಡ’ ಎಲ್ಲಿಯೂ ಸಿಗಲಿಲ್ಲ. ಉಳಿದದ್ದು ಮೂರನೆಯ ಆಪು. ತಂಗಿ ಅಂದಂತೆಯೇ ಅದಕ್ಕೆ ಹೇಳಿ ನೋಡಬೇಕೆಂದು ತಲೆಯಲ್ಲಿತ್ತು, ಆದರೆ ಎರಡು ತಿಂಗಳು ನನಗೆ ಬಾಯಿ ಬರಲಿಲ್ಲ. ಅವಳ ದನಿ ನನ್ನ ಬಾಯಲ್ಲಿ ಬಂದರೆ ತಡೆದುಕೊಳ್ಳುವುದು ಹೇಗೆ.

ಕಡೆಗೆ ಒಂದು ದಿನ ಸವಣೂರು ಸ್ಟ್ಯಾಂಡಿನಲ್ಲಿ, ಮಾಸ್ತರು ಪಕ್ಕದಲ್ಲಿ ಇರುವಾಗ, ಮೊಬೈಲು ತುಟಿಯ ಹತ್ತಿರ ಹಿಡಿದು ಅವಳಂತೆಯೇ ಮೆಲ್ಲಗೆ ಅಂದೆ, ‘ಮಲಾಡ… ಸಪ್ಪರ…’

ಮೊಬೈಲು ಒಂದು ಕ್ಷಣ ಯೋಚಿಸಿ ಮಲಾಡಿಗೆ ಹೋಗುವ ದಾರಿ ತೋರಿಸಿತು. ಹುಬ್ಬಳ್ಳಿಯ ಮೇಲೆ ಹೋಗಬೇಕಂತೆ. ದಾರಿಯಲ್ಲಿ ಸಿಗುವ ಊಟದ ಹೋಟೆಲುಗಳನ್ನೂ ತೋರಿಸಿತು.

ಮಾಸ್ತರು ನಗಲಿಲ್ಲ. ‘ಇನ್ನೊಮ್ಮೆ ಅನ್ನವಾ’ ಅಂದರು. ಅಂದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

‘ಮಲಾಡ ಅಲ್ಲ, ಮೈ ಲಾರ್ಡ್. ಒಡೆಯಾ ಅಂತ. ಸಪ್ಪರ್ ಅಂದ್ರ ರಾತ್ರಿ ಊಟ. ಒಡೆಯಾ, ಊಟಕ್ಕ ಬಡಿಸೀನಿ, ಬರ್ರಿ ಅನ್ನೋ ಮಾತದು. ಆದ್ರ ಇದು ರಾಣಿ ಮಾತಲ್ಲವಾ. ರಾಣಿ ಊಟಕ್ಕ ಕರಿಯೂದಿಲ್ಲ. ಇದು ದಾಸಿ ಮಾತು.’

ಎರಡನೇ ಅಂಕ ತೆಗೆದು ತೋರಿಸಿದರು. ದಾಸಿಗೆ ಇಡೀ ನಾಟಕದಲ್ಲಿ ಇದ್ದದ್ದು ಅದೊಂದೇ ಮಾತು, ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಗೆರೆ ಇತ್ತು. ನನಗೆ ಸಿಟ್ಟು ಬಂತು, ಅದರ ಹಿಂದೆಯೇ ದುಃಖ ಬಂತು. ರಾಣಿ ಅಂತ ಯಾಕೆ ಸುಳ್ಳು ಹೇಳಿದಳು. ದಾಸಿ ಅಂದಿದ್ದರೆ ನಾನು ಸೀರೆ ಕೊಡುತ್ತಿರಲಿಲ್ಲವೇ.

ಆ ವಾರವೇ ಅವಳ ಜೊತೆಗೆ ಓದುತ್ತಿದ್ದ ಹುಡುಗಿ ಹಾನಗಲ್ಲಿನಲ್ಲಿ ಬಸ್ಸು ಹತ್ತಿದಳು. ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿದೆ.

‘ಅಕ್ಕಾ, ಚೀಟಿ ಹಾಕಿ ಪಾರ್ಟ್ ಹಂಚಿದ್ರು. ಅಕಿಗೆ ರಾಣಿ ಬಂದಿತ್ತು, ನನಗ ದಾಸಿ. ನನಗ ಒಮ್ಮೆರೆ ರಾಣಿ ಆಗಬೇಕಂತ ಭಾಳ ಆಸೆ ಇತ್ತು, ಅತ್ತಬಿಟ್ಟೆ. ಆಗ ಅಕಿನ ಬದಲಿ ಮಾಡ್ಕೊಂಡಳ್ರಿ. ನಿಮ್ಮ ಅವ್ವನ ಸೀರಿನೂ ನನಗ ಉಡಿಸಿದಳು. ನಿಮಗ ಹೇಳಿದ್ರ ನಿಮಗ ಬ್ಯಾಸರ ಆಗತೈತಂತ ಹೇಳಲಿಲ್ಲ.’

ಹುಡುಗಿ ಕಣ್ಣು ಒರೆಸಿಕೊಂಡು ಮುಂದುವರಿಸಿದಳು.

‘ಇದ್ದದ್ದು ಒಂದ ಮಾತು. ಕ್ಲಾಸಿನ್ಯಾಗ, ಕಾಲೇಜ್ ಕಟ್ಟಿ ಮ್ಯಾಲ, ಎಲ್ಲಾ ಕಡೆ ಅದನ್ನ ಬಾಯಿಪಾಠ ಮಾಡಿದ್ಲು. ಸ್ಟೇಜ್ ಹತ್ತಿದ ಮ್ಯಾಲ ಅದೂ ಮರತ ಹೋತು. ಮೈ ಲಾರ್ಡ್ ಅಂದ್ಲು, ನಿಂತ್ಲು, ಮತ್ತ ಮೈ ಲಾರ್ಡ್ ಅಂದ್ಲು. ಕಡೀಕ ಎಲ್ಲಾರಿಗೂ ಕೇಳೂವಂಗ, ಊಟಕ್ಕ ಏಳ್ರಿ, ರೊಟ್ಟಿ ಆರಾಕತ್ತಾವು ಅಂದ್ಲು.’

ಹಾಗಾದರೆ ಆ ಎರಡು ದಿವಸ ಅವಳು ಬೇರೇನೂ ಕೇಳಿರಲಿಲ್ಲ. ಮರೆತ ಮಾತನ್ನು ಸರಿಮಾಡಿಕೊಳ್ಳುತ್ತಿದ್ದಳು. ಆಸ್ಪತ್ರೆಯಲ್ಲಿ ತಪ್ಪಿಲ್ಲದೆ ಅಂದಿದ್ದಳು. ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಅಳು ಬರುತ್ತಿತ್ತು, ಹುಡುಗಿ ಮಾತ್ರ ಹೇಳುವುದನ್ನು ನಿಲ್ಲಿಸಲಿಲ್ಲ.

‘ಅದಕ್ಕಿಂತ ಕೆಟ್ಟದ್ದು ಮುಂದ ಆತ್ರಿ ಅಕ್ಕಾ. ರಾಜನ ಪಾರ್ಟಿನ ಹುಡುಗಗ ಮುಂಜಾನಿಯಿಂದ ಊಟ ಇರಲಿಲ್ಲ. ಏಳ್ರಿ ಅಂದಕೂಡಲೇ ಸಿಂಹಾಸನ ಬಿಟ್ಟು ಎದ್ದು ಒಳಗ ಹೋದ. ಅಂವಂದು ಇನ್ನೂ ಎರಡು ಪುಟ ಮಾತು ಬಾಕಿ ಇತ್ತು.’

೫. ರಾಜನ ಗುಳಿಗೆ

ಹುಡುಕಿದ್ದು ಸಿಕ್ಕ ಮೇಲೆ ಪುಸ್ತಕ ಎತ್ತಿಡುವವಳಿದ್ದೆ. ಡ್ರೈವರ್ ಅಣ್ಣ ಬಿಡಲಿಲ್ಲ. ‘ಇಷ್ಟು ದಿನ ನಮ್ಮ ಬಸ್ಸಿನ್ಯಾಗ ಅಡ್ಡ್ಯಾಡ್ಯಾನ. ರಾಜ ಸತ್ತಾನೊ ಇಲ್ಲೊ ತಿಳೀಬೇಕಲ್ರಿ’ ಅಂದ. ನನಗೂ ಒಂದು ಆಸೆ ಉಳಿದಿತ್ತು. ಅವಳು ಮುಟ್ಟಿದ ಪುಟಗಳು ಇನ್ನೂ ಕೆಲವು ಇದ್ದವು, ಅವು ಮುಗಿಯಬಾರದು ಎಂದು ನಿಧಾನ ಮಾಡುತ್ತಿದ್ದೆ.

ಕಡೆಯ ಪುಟಕ್ಕೆ ಬಂದ ದಿನ, ಹಂಸಭಾವಿಯ ಹತ್ತಿರ ಟಾಯರು ಪಂಕ್ಚರ್ ಆಯಿತು. ಮಂದಿ ಎಲ್ಲ ಇಳಿದು ಬೇವಿನ ಗಿಡದ ಕೆಳಗೆ ಕುಂತರು. ಅಣ್ಣ ಸ್ಟೆಪ್ನಿ ಹಾಕುತ್ತ, ‘ಓದ್ರಿ ಅಕ್ಕಾರ, ಕೈಗೆ ಕೆಲಸ, ಕಿವಿ ಖಾಲಿ ಐತಿ’ ಅಂದ. ಸವಣೂರಿನಿಂದ ವೀಳ್ಯದೆಲೆಯ ಪೆಂಡಿ ಹೊತ್ತು ತಂದಿದ್ದ ಹೆಣ್ಣುಮಗಳೊಬ್ಬಳು, ‘ಏನ ಕತಿ? ಗಟ್ಟ್ಯಾಗಿ ಓದವಾ, ನಾವೂ ಕೇಳ್ತೇವಿ’ ಅಂದಳು. ಪುಟದ ಫೋಟೊ ಹೊಡೆದೆ. ಸತ್ತನೆಂದು ಸುದ್ದಿಯಾಗಿದ್ದ ರಾಜ ಗಾಯಗೊಂಡು ಮನೆಗೆ ಬಂದು, ರಾಣಿಯ ತೊಡೆಯ ಮೇಲೆ ಪ್ರಾಣ ಬಿಡುವ ಜಾಗ. ಮೊಬೈಲು ತೋರಿಸಿದ್ದನ್ನು ತೋರಿಸಿದಂತೆ ಓದಿದೆ.

‘ರಾಣಿ, ನನ್ನ ಉಸಿರು ಕುಗ್ಗುತ್ತಿದೆ. ನನ್ನ ಖಡ್ಗವನ್ನು ಮಗನಿಗೆ ಕೊಡು. ಅಕ್ಕನ ಥೈರಾಯ್ಡ್ ಮಾತ್ರೆ ಸೋಮವಾರ ಮುಗಿದಿದೆ. ನನಗಾಗಿ ಅಳಬೇಡ. ಅವಳು ತಾನಾಗಿ ತಂದುಕೊಳ್ಳುವುದಿಲ್ಲ. ನಾನು ಹೋಗುತ್ತೇನೆ. ರಾಜನು ಸಾಯುತ್ತಾನೆ.’

ಎಲೆಯ ಹೆಣ್ಣುಮಗಳು ಸೆರಗಿನಿಂದ ಮೂಗು ಒರೆಸಿಕೊಂಡಳು. ‘ಪಾಪ. ಸಾಯೂ ಮುಂದ ಹೆಂಡ್ತಿ ಮುಂದ ಒಡಹುಟ್ಟಿದ ಅಕ್ಕನ ಗುಳಗಿ ನೆನಸ್ಯಾನ ನೋಡ್ರಿ. ಅಂಥ ತಮ್ಮನ್ನ ಪಡದ ಬಂದಿರಬೇಕು.’

ನಾನು ಪುಸ್ತಕ ತಿರುಗಿಸಿ ನೋಡಿದೆ. ಸಾಲುಗಳ ನಡುವೆ, ಅಂಚಿನಲ್ಲಿ, ಪೆನ್ಸಿಲಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರ. ಕ್ಲಾಸಿನಲ್ಲಿ ಕುಂತು ಬರೆದುಕೊಂಡದ್ದು. ಮೊಬೈಲಿಗೆ ಯಾವುದು ರಾಜನ ಮಾತು, ಯಾವುದು ನನ್ನ ತಂಗಿಯ ಮಾತು ಅಂತ ಗೊತ್ತಾಗಿರಲಿಲ್ಲ. ತಿಂಗಳಿಗೊಮ್ಮೆ ಗುಳಿಗೆ ತಂದು ನನ್ನ ಟಿಫಿನ್ ಡಬ್ಬಿಯ ಮೇಲೆ ಇಡುವವಳು ಅವಳೇ. ಅವಳು ಹೋದ ಮೇಲೆ ನಾನು ಒಂದು ಗುಳಿಗೆಯನ್ನೂ ನುಂಗಿರಲಿಲ್ಲ. ಆಗಲೇ ಏಳು ತಿಂಗಳಾಗಿತ್ತು.

ನಾನು ಪುಟದಿಂದ ತಲೆ ಎತ್ತದ್ದನ್ನು ನೋಡಿ ಅಣ್ಣ ಬೋಲ್ಟು ಬಿಗಿಯುವ ಪಾನಾ ಕೆಳಗಿಟ್ಟು ಹತ್ತಿರ ಬಂದ. ಪುಟ ತೋರಿಸಿದೆ. ಅವನು ಪೆನ್ಸಿಲಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡ.

‘ಗುಳಗಿ ಐತೇನ್ರಿ ಈಗ?’

‘ಇಲ್ಲ’ ಅಂದೆ.

ಅವನು ಟಾಯರು ಬಿಗಿದು ಬಸ್ಸು ಬಿಟ್ಟ. ಹಿರೇಕೆರೂರು ಊರೊಳಗೆ ಬಂದು, ಸ್ಟ್ಯಾಂಡು ಇನ್ನೂ ದೂರ ಇರುವಾಗಲೇ ಒಂದು ಔಷಧ ಅಂಗಡಿಯ ಎದುರು ನಿಲ್ಲಿಸಿ ಎಂಜಿನ್ ಆರಿಸಿದ.

‘ಇಳೀರಿ ಅಕ್ಕಾರ. ತಗೊಂಡ ಬರ್ರಿ. ಬಸ್ ಇಲ್ಲೇ ಇರತೈತಿ.’

ನಾನು ಇಳಿದೆ. ಅಂಗಡಿಯವನು ಡಬ್ಬಿ ಹುಡುಕುತ್ತಿದ್ದಾಗ ಕಣ್ಣಿನ ನೀರು ನಿಲ್ಲಲಿಲ್ಲ, ನಾನೂ ಒರೆಸಿಕೊಳ್ಳಲು ಹೋಗಲಿಲ್ಲ. ಹಿಂದೆ ಬಸ್ಸಿನಲ್ಲಿ ಗದ್ದಲ ಶುರುವಾಗಿತ್ತು. ಪಂಕ್ಚರ್ ಆದ ಮೇಲೆ ಹತ್ತಿದ್ದ ಒಬ್ಬ ಗೃಹಸ್ಥ, ಕಥೆ ಏನೂ ಗೊತ್ತಿಲ್ಲದವನು, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಾಡುತ್ತಿದ್ದ. ‘ಮೊದಲ ತಡಾ ಆಗೈತಿ. ಇಲ್ಯಾಕ ನಿಲ್ಲಿಸ್ಯಾರ? ಯಾರಿಗೆ ಏನಾಗೈತಿ?’

ಎಲೆಯ ಹೆಣ್ಣುಮಗಳು ಅವನ ತೋಳು ಹಿಡಿದು ಒಳಗೆ ಎಳೆದಳು.

‘ಸುಮ್ಮನ ಕುಂಡ್ರಪಾ. ಇಂಗ್ಲೆಂಡಿನ ರಾಜ ಸತ್ತಾನ. ಅಂವನ ಅಕ್ಕಗ ಥೈರಾಯ್ಡ್ ಐತಂತ.’